ಮಮ್ತಾಜಳ ಗಣಿತದ ಪರೀಕ್ಷೆ

ಏಳನೆಯ ಇಯತ್ತೆಗೆ ಜಿಲ್ಲೆಗೆಲ್ಲ ಒಂದೇ ಪ್ರಶ್ನೆಪತ್ರಿಕೆ ಬರುತ್ತಿದ್ದ ಕಾಲ. ಲಕ್ಷ್ಮೇಶ್ವರದ ಕೇಂದ್ರದಲ್ಲಿ ನಾನು ಮೇಲ್ವಿಚಾರಕಿ. ಗಣಿತದ ದಿನ ಅಡರಕಟ್ಟಿಯ ಕಲಾಯಿಗಾರನ ಮಗಳು ಮಮ್ತಾಜ್, ಲೆಕ್ಕಗಳನ್ನೆಲ್ಲ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಸರಿಯಾಗಿ ಬಿಡಿಸಿ, ಉತ್ತರದ ಹಾಳೆಯನ್ನು ಮಾತ್ರ ಖಾಲಿ ಇಟ್ಟುಕೊಂಡು ಕೂತಿದ್ದಳು.

“ಯಾಕವಾ, ಹಾಳ್ಯಾಗ ಬರಿಯಾಕ ಏನಾತು?”

“ಬರದ್ರ ಪಾಸಾಕ್ಕೀನ್ರಿ ಅಕ್ಕೋರ.”

“ಪಾಸಾದ್ರ ಕೇಡೇನ?”

“ನಮ್ಮೂರ ಶಾಲಿ ಏಳನೇತ್ತಕ್ಕ ಮುಗೀತೈತ್ರಿ. ಇಲ್ಲಿ ಹೈಸ್ಕೂಲಿಗೆ ಅಪ್ಪಾ ಕಳಸಂಗಿಲ್ಲ. ಫೇಲಾದ್ರ ಇನ್ನೊಂದ ವರ್ಷ ಅಲ್ಲೇ ಕುಂಡ್ರಬಹುದಲ್ರಿ?”

ಎಷ್ಟು ಹೇಳಿದರೂ ಕೇಳಲಿಲ್ಲ. ಖಾಲಿ ಹಾಳೆಯನ್ನೇ ನನ್ನ ಕೈಗಿತ್ತು ಹೋದಳು.

ಬೇಸಿಗೆ ಕಳೆದ ಮೇಲೆ, ಸಂತೆಯಲ್ಲಿ ಒಲೆ ಹೂಡಿ ಪಾತ್ರೆಗಳಿಗೆ ಕಲಾಯಿ ಹಾಕುತ್ತ ಕೂತಿದ್ದ ಅವಳಪ್ಪ ಸಿಕ್ಕ. ಮಗಳು ಶಾಲೆಗೆ ಹೋಗುತ್ತಾಳೋ ಎಂದು ಕೇಳಿದೆ.

“ಬಿಡಸೀನ್ರಿ. ಗಣಿತದಾಗ ಸೊನ್ನಿ ತಂದಾಕಿಗೆ ಶಾಲಿ ಯಾತಕ್ರಿ?”

“ಬೇಕಂತ ಬರದಿಲ್ಲಪಾ ಆಕಿ. ಎಲ್ಲಾ ಲೆಕ್ಕ ಬರ್ತಾವು, ನಾ ಕಣ್ಣಾರೆ ನೋಡೀನಿ.”

ಆತ ಕೈಯಲ್ಲಿದ್ದ ಪಾತ್ರೆಯನ್ನು ಬೆಂಕಿಯ ಮೇಲೆ ಹೊರಳಿಸುತ್ತ, ನನ್ನನ್ನು ಸಮಾಧಾನಪಡಿಸುವವನಂತೆ ಹೇಳಿದ:

“ಬರ್ತಿದ್ರ ಸರಕಾರದವರು ಸೊನ್ನಿ ಕೊಡ್ತಿದ್ರೇನ್ರಿ ಅಕ್ಕೋರ?”

ನಮ್ಮ ಪರೀಕ್ಷೆಯನ್ನು ಅಷ್ಟು ಪೂರ್ತಿಯಾಗಿ ನಂಬಿದ ಪಾಲಕರನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.