ಔಷಧಿ ಅಂಗಡಿಯಲ್ಲಿ ಆಡಿದ ಕನ್ನಡ

"ಇದನ್ನ ನೀವು ಕದ್ರಾ ಅಂತ ಕೇಳ್ತಿದಾರೆ," ಎಂದೆ.

ಸಿಡ್ನಿಯ ಪೆಂಡಲ್ ಹಿಲ್‌ನ ಔಷಧಿ ಅಂಗಡಿಯಲ್ಲಿ ಫೇಸ್ ಕ್ರೀಮ್ ಬ್ಯಾಗಿಗೆ ಹಾಕಿಕೊಂಡು ಸಿಕ್ಕಿಬಿದ್ದಿದ್ದರು ನನ್ನ ವಯಸ್ಸಿನ ಆ ಹೆಂಗಸು. ಇಂಗ್ಲಿಷ್ ಬಾರದೆ ಕನ್ನಡದಲ್ಲೇ ಏನೋ ಗೊಣಗುತ್ತಿದ್ದರು. ಅದು ಕಿವಿಗೆ ಬಿದ್ದು, ಸಾಲಿನಲ್ಲಿ ನಿಂತಿದ್ದ ನಾನು ಪೊಲೀಸರಿಗೆ ನೆರವಾಗಲು ಹೋಗಿದ್ದೆ.

ಆಕೆಯ ಮುಖ ಅರಳಿತು. "ಅಯ್ಯೋ, ನೀವು ಕನ್ನಡದವರಾ? ಇಲ್ಲಿಗೆ ಬಂದ್ಮೇಲೆ ನಮ್ಮನೆಯವ್ರು ಬಿಟ್ರೆ ನೀವೇ ಮೊದಲು ಕನ್ನಡದಲ್ಲಿ ಮಾತಾಡ್ಸಿದ್ದು. ಯಾವೂರು ನಿಮ್ದು?"

ಪೊಲೀಸರು ಪೆನ್ನು ಹಿಡಿದು ಉತ್ತರಕ್ಕೆ ಕಾಯುತ್ತಿದ್ದರು.

"ಹೌದು, ಕದ್ದೆ ಅಂತ ಹೇಳ್ಬಿಡಿ," ಎಂದರು ಆಕೆ, ನನ್ನ ಕೈ ಹಿಡಿದುಕೊಂಡೇ. ಕೋರ್ಟಿಗೆ ಕರೆಯದೆ ಸ್ಥಳದಲ್ಲೇ ದಂಡ ಹಾಕುವ ನಿಯಮ ಆಗಷ್ಟೇ ಬಂದಿತ್ತು. ಚೀಟಿ ಹರಿದುಕೊಟ್ಟು ಪೊಲೀಸರು ಹೊರಟುಹೋದರು.

ಈ ದೇಶದಲ್ಲಿ ಆಕೆಗೆ ಹೊರಗಿನವರೊಬ್ಬರಿಂದ ಸಿಕ್ಕ ಮೊದಲ ಕನ್ನಡದ ಮಾತು ನನ್ನದು. ಅದೂ, ಕದ್ದಿರಾ ಎಂದು.