ಕೆನ್ನೆ ಹಚ್ಚಿ ಹೊಡೆದದ್ದು

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಚೀನಾ ಯುದ್ಧ ಮುಗಿದ ಹೊಸತು. ಗೋಕಾಕದ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ರೈಫಲ್ ಹಿಡಿದಿದ್ದೆ. ನಮ್ಮೂರು ಕುಲಗೋಡಕ್ಕೆ ಬಂದರೆ ಕಂಡಕಂಡವರಿಗೆ ಪಾಠ ಹೇಳುವ ಚಡಪಡಿಕೆ.

ನಮ್ಮ ಕಾಕಾ ಊರ ಕಬ್ಬಿಗೆ ಹಂದಿ ಬೀಳದಂತೆ ಕಾಯುವವ. ಮದ್ದು ಜಡಿದು ಹೊಡೆಯುವ ಹಳೇ ಬಂದೂಕು ಅವನದು. ಅದರ ಕುದುರೆ ಎಳೆದೊಡನೆ ಪಕ್ಕದಿಂದ ಕಿಡಿ ಚಿಮ್ಮುತ್ತಿತ್ತು. ಅದಕ್ಕೇ ಗುರಿ ಹಿಡಿದ ಮೇಲೆ ಮುಖ ಆಚೆ ಹೊರಳಿಸಿ ಹೊಡೆಯುತ್ತಿದ್ದ. ಹಂದಿ ಮಾತ್ರ ತಪ್ಪುತ್ತಿರಲಿಲ್ಲ.

ಆ ವರ್ಷ ಊರವರಿಗೆ ರೈಫಲ್ ಕಲಿಸಲು ನಿವೃತ್ತ ಹವಾಲ್ದಾರರೊಬ್ಬರು ಮೂಡಲಗಿಗೆ ಬಂದರು. ಅಲ್ಲಿ ಪಾಸಾದವನಿಗೇ ಮುಂದೆ ಕಬ್ಬಿನ ಕಾವಲು ಎಂದು ನಮ್ಮೂರ ಹಿರಿಯರು ಹೇಳಿಬಿಟ್ಟರು. ಕಾಕಾನ ರೊಟ್ಟಿಗೇ ಸಂಚಕಾರ ಬಂತು.

ಮೊದಲ ದಿನವೇ ಕಾಕಾ ರೈಫಲ್ ಎತ್ತಿ ಮುಖ ಹೊರಳಿಸಿದ. ಗುಂಡು ಎಲ್ಲಿ ಹೋಯಿತೋ ದೇವರೇ ಬಲ್ಲ. ಜನ ಗೊಳ್ಳೆಂದು ನಕ್ಕರು.

"ಯಾರನ್ನ ಹೊಡ್ಯಾಕತ್ತೀರಿ ಯಜಮಾನ್ರ, ಬಾಜೂದವರನ್ನೇನ್ರಿ? ಕೆನ್ನಿ ಹಚ್ಚರಿ ರೈಫಲ್ಲಿನ ಕಟ್ಟಿಗಿಗಿ!" ಎಂದರು ಹವಾಲ್ದಾರರು.

ನನಗೆ ಮೈಯೆಲ್ಲ ಉರಿಯಿತು. ದಿನಾ ಮನೆಯಲ್ಲಿ ಕಾಕಾನ ಕೈಗೆ ಒನಕೆ ಕೊಟ್ಟು, ಅವನ ಕೆನ್ನೆಯನ್ನು ನಾನೇ ಅದಕ್ಕೆ ಒತ್ತಿ ಹಿಡಿಯತೊಡಗಿದೆ. ರೈಫಲ್ಲಿನಿಂದ ಕಿಡಿ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಆ ಕುತ್ತಿಗೆ ತಾನೇ ತಿರುಗುತ್ತಿತ್ತು.

"ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲೋ ತಮ್ಮಾ," ಎನ್ನುತ್ತಿದ್ದ ಕಾಕಾ.

"ಇದು ಹುಟ್ಟಿದ ಗುಣಾ ಅಲ್ಲ ಕಾಕಾ, ಆ ಹಳೇ ಬಂದೂಕ ಕಲಿಸಿದ್ದು. ಹಚ್ಚು ಕೆನ್ನಿ!" ಎಂದು ನಾನು ರೇಗುತ್ತಿದ್ದೆ.

ಪರೀಕ್ಷೆಯ ದಿನ ಅವನ ಕೆನ್ನೆ ಕದಲಲಿಲ್ಲ. ಗುಂಡು ಗುರಿಹಲಗೆಯ ನಟ್ಟನಡುವೆ ತಾಗಿತು. ಹವಾಲ್ದಾರರು ಅವನ ಬೆನ್ನು ತಟ್ಟಿದರು, ನಾನು ಕುಣಿದದ್ದೇ ಕುಣಿದದ್ದು. ಕಾವಲು ಕಾಕಾನಿಗೇ ಉಳಿಯಿತು. ರೈಫಲ್‌ಗಳನ್ನು ಗಾಡಿಗೆ ಹೇರಿಕೊಂಡು ಹವಾಲ್ದಾರರು ಹುಕ್ಕೇರಿಗೆ ಹೋದರು. ಕಾಕಾನ ಕೈಗೆ ಮತ್ತೆ ಆ ಹಳೇ ಬಂದೂಕೇ ಬಂತು.

ಒಂದು ಬೆಳಗ್ಗೆ ಕಬ್ಬಿಗೆ ಹಂದಿ ನುಗ್ಗಿತು. ಬಂದೂಕಿನ ಸದ್ದಿನ ಹಿಂದೆಯೇ ಕಾಕಾ ಚೀರಿದ. ಓಡಿಹೋಗಿ ನೋಡಿದರೆ ಬದುವಿನ ಮೇಲೆ ಕೂತು ಬಲಗಣ್ಣು ಒತ್ತಿ ಹಿಡಿದಿದ್ದಾನೆ, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿದೆ. ಅಯ್ಯೋ ಶಿವನೇ! ಹಳೇ ಬಂದೂಕು ಹಿಡಿದಾಗ ಮುಖ ಹೊರಳಿಸಲೇಬೇಕು ಎಂದು ಹೇಳಲು ಹವಾಲ್ದಾರರಿಗೂ ಹೊಳೆದಿರಲಿಲ್ಲ, ನನಗೂ.

ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅವನು ತಡವರಿಸಿ ನನ್ನ ಹೆಗಲು ಹಿಡಿದ.

"ಹವಾಲ್ದಾರ ಸಾಹೇಬ್ರಿಗಿ ಹೇಳು ತಮ್ಮಾ," ಎಂದ. "ಈ ಸಲಾನೂ ನಾ ಕೆನ್ನಿ ತಗೀಲಿಲ್ಲ ಅಂತ."