ಬೋರಣ್ಣನ ಎದೆಮಟ್ಟಕ್ಕೆ ಒಂದು ಗೋಡೆ

ಮೇಸ್ತ್ರಿ ಚೌರಪ್ಪನಷ್ಟು ಹಟಮಾರಿಯನ್ನು ನಾನು ಜರಗನಹಳ್ಳಿಯಲ್ಲಿ ಕಂಡಿಲ್ಲ, ನಮ್ಮ ಯಜಮಾನರೊಬ್ಬರನ್ನು ಬಿಟ್ಟು. ಮೂವತ್ತು ವರ್ಷದಿಂದ ಈ ಸುತ್ತಿನಲ್ಲಿ ಮನೆ ಕಟ್ಟುತ್ತಿದ್ದಾನೆ. ಭಾನುವಾರ ಚರ್ಚು ಬಿಟ್ಟು ಕೆಲಸಕ್ಕೆ ಬಾ ಅಂದರೆ ಜಪ್ಪಯ್ಯ ಅಂದರೂ ಬರುವುದಿಲ್ಲ.

ನಮ್ಮ ಹೊಲವಿದ್ದ ಜಾಗದಲ್ಲಿ ಬಾಡಿಗೆಗೆಂದು ಎರಡು ಅಂತಸ್ತು ಕಟ್ಟಿಸುತ್ತಿದ್ದೆವು. ಮುಂದೆ ಮೂರನೆಯದನ್ನು ಏರಿಸಲು ಮಾಳಿಗೆಯ ಮೇಲೆ ಪಿಲ್ಲರ್ ಕಂಬಿಗಳನ್ನು ಹಾಗೇ ನಿಲ್ಲಿಸಿದ್ದಾಗಿತ್ತು. "ಸುತ್ತುಗೋಡೆ ಬೇಡ ಚೌರಪ್ಪ. ನಾಳೆ ಒಡೆಯೋದನ್ನ ಇವತ್ತ್ಯಾಕೆ ಕಟ್ಟೋದು?" ಎಂದರು ನಮ್ಮ ಯಜಮಾನರು, ನಾವೆಲ್ಲ ಮಾಳಿಗೆ ಮೇಲೆ ನಿಂತಿದ್ದಾಗ. ಊರಲ್ಲಿ ಎಲ್ಲರೂ ಮಾಡುವುದೇ ಹಾಗೆ.

ಚೌರಪ್ಪ ಕರಣೆ ಕೆಳಗಿಟ್ಟ. "ಗೋಡೆ ಇಲ್ದೆ ನಾನು ಮನೆ ಮುಗಿಸಿಕೊಡಲ್ಲ ಬೋರಣ್ಣ. ಮಾಳಿಗೆಯಿಂದ ಯಾರಾದ್ರೂ ಬಿದ್ರೆ ಆ ರಕ್ತದ ಪಾಪ ಮನೆ ಮೇಲೆ ಅಂತ ಮೋಶೆ ಕಾನೂನು. ನಮ್ಮ ಬೈಬಲ್ಲಲ್ಲೇ ಐತೆ." ಈ ಹಟಕ್ಕೇ ತಲಘಟ್ಟಪುರದಲ್ಲಿ ಎರಡು ಕೆಲಸ ಕಳೆದುಕೊಂಡವನು ಅವನು.

ನನಗೂ ರೇಗಿತು. ಪಕ್ಕದಲ್ಲಿದ್ದ ಸೊಸೆ ಶಾಲಿನಿ ಫೋನಿನಲ್ಲಿ ಹುಡುಕಿ ಹೇಳಿದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. "ಅದೇ ಕಾನೂನಲ್ಲಿ ಹಂದಿ ತಿನ್ಬಾರ್ದು, ಎರಡು ಥರ ನೂಲು ಬೆರೆಸಿದ ಬಟ್ಟೆ ಉಡಬಾರ್ದು ಅಂತಾನೂ ಐತಂತೆ. ಕ್ರಿಸ್‌ಮಸ್‌ಗೆ ನಿಮ್ಮನೆ ಹಂದಿ ಸಾರಿನ ಘಮ ನಮ್ಮ ಬೀದಿವರೆಗೂ ಬರ್ತದೆ. ಬೇಕಾದ್ದು ಹಿಡ್ಕೊಂಡು ಬೇಡದ್ದು ಬಿಡ್ತೀಯಾ?"

ಅವನು ನಕ್ಕ. "ಅವೆಲ್ಲ ಆ ಕಾಲದ ಜನಕ್ಕೆ ಹಾಕಿದ ಗುರುತು, ಲಕ್ಷ್ಮಮ್ಮಕ್ಕ. ದೇವರನ್ನ ಪ್ರೀತ್ಸು, ಪಕ್ಕದೋನನ್ನ ನಿನ್ನ ಹಂಗೇ ಪ್ರೀತ್ಸು, ಕಾನೂನೆಲ್ಲ ಇಷ್ಟರಲ್ಲೇ ಐತೆ ಅಂದ್ರು ಯೇಸುಸ್ವಾಮಿ. ನಾನು ಹಂದಿ ತಿಂದ್ರೆ ಪಕ್ಕದೋನಿಗೆ ಏನಾಗ್ತದೆ? ಗೋಡೆ ಇಲ್ದಿದ್ರೆ ಬೀಳೋನು ಪಕ್ಕದೋನೇ."

ಯಜಮಾನರಿಗೆ ಸಿಟ್ಟು ಏರಿತು. "ನಾಳೆಯಿಂದ ಬರಬೇಡ ನೀನು, ಮೇಸ್ತ್ರಿ ಉಗ್ರಪ್ಪನ್ನ ಕರೆಸ್ತೀನಿ. ಹೊಲದ ಬದುವಿನ ಮೇಲೆ ಕಣ್ಮುಚ್ಕೊಂಡು ಓಡಾಡಿದೋನು ನಾನು" ಎನ್ನುತ್ತಾ, ತೋರಿಸಲೆಂದೇ ಅಂಚಿನ ಗುಂಟ ನಡೆದರು. ಮೂಲೆಯಲ್ಲಿ ಅವರೇ ನಿಲ್ಲಿಸಿದ್ದ ಕಂಬಿಗೆ ಪಂಚೆ ಸಿಕ್ಕಿಕೊಂಡಿತು. ಜಗ್ಗಿದರು. ಒಂದು ಕಾಲು ಅಂಚಿನಿಂದಾಚೆ ಹೋಯಿತು. ಆಗತಾನೇ ಕೆಲಸ ಕಳೆದುಕೊಂಡ ಚೌರಪ್ಪ ಓಡಿಹೋಗಿ ಅವರ ಸೊಂಟ ತಬ್ಬಿ, ಅವರನ್ನೂ ಎಳೆದುಕೊಂಡು ಹಿಂದಕ್ಕೆ ಬಿದ್ದ.

ಯಜಮಾನರು ಕೂತಲ್ಲೇ ಪಂಚೆ ಸರಿಮಾಡಿಕೊಂಡರು. ಆಮೇಲೆ ಕೇಳಿದರು, "ಎಷ್ಟೆತ್ತರ ಕಟ್ಟು ಅಂದವ್ನೆ ನಿಮ್ಮ ಮೋಶೆ?"

"ಎತ್ತರ ಹೇಳಿಲ್ಲ. ಎದ್ದು ನಿಂತ್ಕೊಳ್ಳಿ" ಎಂದ ಚೌರಪ್ಪ, ಅವರ ಎದೆಮಟ್ಟಕ್ಕೆ ಟೇಪು ಹಿಡಿದ.

ಗೃಹಪ್ರವೇಶದ ದಿನ ಯಜಮಾನರು ಬಂದವರನ್ನೆಲ್ಲ ಮೊದಲು ಮಾಳಿಗೆಗೇ ಹತ್ತಿಸಿ, ತಮ್ಮದೇ ಯೋಚನೆ ಎಂಬಂತೆ ಗೋಡೆ ತಟ್ಟಿ ತೋರಿಸಿದರು. ಆಹಾ, ಆ ಜಂಬ ನೋಡಬೇಕಿತ್ತು. ಮನೆ ಕಟ್ಟಿದ ಮೇಸ್ತ್ರಿಗೆ ಪಂಚೆ, ಶಲ್ಯ ಕೊಡುವುದು ನಮ್ಮಲ್ಲಿ ಪದ್ಧತಿ. ನಾನೇ ಕೊಟ್ಟೆ, ತುಂಬಿದ ಮನಸ್ಸಿನಿಂದ. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಹತ್ತಿ, ಪಾಲಿಯೆಸ್ಟರ್ ಎರಡೂ ಬೆರೆತಿರೋದು ಕಣಪ್ಪ. ನಿಮ್ಮ ಮೋಶೆ ಒಪ್ತಾನಾ?"

ಚೌರಪ್ಪ ಶಲ್ಯವನ್ನು ತಲೆಗೆ ಪೇಟದಂತೆ ಸುತ್ತಿಕೊಂಡು, ನಮ್ಮ ಯಜಮಾನರ ಪಕ್ಕದಲ್ಲಿ ಹೋಗಿ ನಿಂತ. ಇಬ್ಬರೂ ಮೈಭಾರವನ್ನೆಲ್ಲ ಬಿಟ್ಟು ಆ ಗೋಡೆಗೆ ಒರಗಿಕೊಂಡರು.